ಹುಟ್ಟೂರು ಮುಂಡಗೋಡ, ಕಾಗದದಲ್ಲಿ ಪರದೇಶಿ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನನ್ನ ಮಳಿಗೆ ಬಾಡಿಗೆ ಹಿಡಿದು ಸ್ವೆಟರ್ ಮಾರುವ ಟಿಬೆಟನ್ ಗೆಳೆಯರು 1983ರಲ್ಲಿ ಮುಂಡಗೋಡದ ಟಿಬೆಟನ್ ನಿರಾಶ್ರಿತರ ಕ್ಯಾಂಪಿನಲ್ಲೇ ಹುಟ್ಟಿದವರು. ಜನನ ಪ್ರಮಾಣಪತ್ರ ಇಲ್ಲ. ಆರ್‌ಸಿಯಲ್ಲಿ, ಅಂದರೆ ವಿದೇಶಿಯರ ನೋಂದಣಿ ಪತ್ರದಲ್ಲಿ, ಒಂದು ಹೆಸರು, ಶಾಲೆಯ ಟಿಸಿಯಲ್ಲಿ ಇನ್ನೊಂದು. ಆರ್‌ಸಿ ನವೀಕರಣ ಹತ್ತಿರ ಬಂತು. ಅವರಿಗೆ ಪಾಸ್‌ಪೋರ್ಟೇ ಸಿಗುತ್ತದೆ ಅನ್ನುತ್ತಾರೆ, ನಿಜವೇ?

ಉತ್ತರ: ನಿಜ. ಆದರೆ ಮೊದಲು ಆರ್‌ಸಿ ಉಳಿಸಿಕೊಳ್ಳಲಿ. ಅದು ವಿದೇಶಿಯಾಗಿ ನೋಂದಣಿಯಾಗಿ ಇಲ್ಲಿರಲು ಇರುವ ಪತ್ರ. ಅವಧಿ ಮುಗಿದರೆ ಅಕ್ರಮ ವಾಸ ಎನಿಸಿಕೊಳ್ಳುತ್ತದೆ. ತಾನು ವಿದೇಶಿಯಲ್ಲ ಎಂದು ಸಾಬೀತು ಮಾಡುವ ಹೊಣೆಯೂ ಕಾನೂನಿನಲ್ಲಿ ಅವರದೇ. ನೋಂದಣಿ ಅಧಿಕಾರಿ ಜಿಲ್ಲಾ ಎಸ್‌ಪಿ, ಮುಂಡಗೋಡಿಗಾದರೆ ಕಾರವಾರ. ವಾಸವನ್ನೇ ಹುಬ್ಬಳ್ಳಿಗೆ ಬದಲಿಸಿದ್ದರೆ ಅದನ್ನೂ ತಿಳಿಸಬೇಕು.

ಹೆಸರಿನ ತೊಡಕು ಹುಟ್ಟುವುದು ಅರ್ಜಿ ಬರೆಯುವ ಮೇಜಿನಲ್ಲಿ. ನಮ್ಮ ಹಾಗೆ ಅಡ್ಡಹೆಸರು ಅವರಲ್ಲಿ ಸಾಮಾನ್ಯವಾಗಿ ಇಲ್ಲ. ‘ತೆಂಜಿನ್ ದೋರ್ಜೆ’ ಎರಡೂ ಸೇರಿ ಒಂದೇ ಹೆಸರು. ಒಬ್ಬ ಗುಮಾಸ್ತರು ದೋರ್ಜೆಯನ್ನು ಅಡ್ಡಹೆಸರಿನ ಕಾಲಮ್ಮಿಗೆ ಹಾಕುತ್ತಾರೆ, ಇನ್ನೊಬ್ಬರು ‘ಟೆನ್ಜಿಂಗ್’ ಎಂದು ಬರೆದುಬಿಡುತ್ತಾರೆ. ಜನ್ಮದಿನದ ಜಾಗದಲ್ಲಿ ಎಷ್ಟೋ ಸಲ ವರ್ಷ ಮಾತ್ರ ಇರುತ್ತದೆ. ಹಾಗಾಗಿ ಎಲ್ಲ ಕಾಗದ ಮುಂದಿಟ್ಟು ಅತಿ ಹಳೆಯದನ್ನು ಮೂಲವೆಂದು ಹಿಡಿಯಿರಿ. ಬಹುಪಾಲು ಅದು ಶಾಲೆಯ ದಾಖಲಾತಿ ಪುಸ್ತಕ. ಆ ಪುಟದ ದೃಢೀಕೃತ ನಕಲು, ಕ್ಯಾಂಪಿನ ಸೆಟ್ಲ್‌ಮೆಂಟ್ ಆಫೀಸಿನ ಪತ್ರ, ‘ಈ ಎರಡೂ ಹೆಸರು ನನ್ನವೇ’ ಎಂಬ ನೋಟರಿ ಪ್ರಮಾಣಪತ್ರ, ಮೂರನ್ನೂ ಒಟ್ಟಿಗೆ ಕೊಡಲಿ. ಬರೀ ನೋಟರಿ ಕಾಗದ ಹಿಡಿದು ಹೋದರೆ ಹಿಂದೆ ಬರುವುದೇ ಹೆಚ್ಚು. ‘ಹಸಿರು ಪುಸ್ತಕ’ ಎಂಬ ಗುರುತಿನ ಪುಸ್ತಕ ಧರ್ಮಶಾಲೆಯ ಟಿಬೆಟನ್ ಆಡಳಿತ ಕೊಟ್ಟದ್ದು, ಪೂರಕ ಅಷ್ಟೇ. ಆಧಾರ್ ಪೌರತ್ವದ ಪುರಾವೆಯಲ್ಲ.

ಜನನ ಪತ್ರಕ್ಕೆ ಮೊದಲು ಜನನ-ಮರಣ ನೋಂದಣಾಧಿಕಾರಿಯಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ಪಡೆಯಬೇಕು. ಹುಟ್ಟಿ ಒಂದು ವರ್ಷ ದಾಟಿದ್ದಕ್ಕೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು; 2023ರ ತಿದ್ದುಪಡಿಯ ನಂತರ ಅದು ಜಿಲ್ಲಾ ಅಥವಾ ಉಪವಿಭಾಗ ಮಟ್ಟದ ಕೆಲಸ, ಮುಂಡಗೋಡಿಗೆ ಶಿರಸಿ ಉಪವಿಭಾಗ.

ಇನ್ನು ಪಾಸ್‌ಪೋರ್ಟ್. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು, ತಂದೆ-ತಾಯಿ ಯಾರೇ ಇರಲಿ, ಹುಟ್ಟಿನಿಂದಲೇ ಪ್ರಜೆಗಳು. ಆರ್‌ಸಿ ಇದ್ದ ಮಾತ್ರಕ್ಕೆ ಆ ಹಕ್ಕು ಹೋಗದೆಂದು 2010ರಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಆದರೆ 2017ರಲ್ಲಿ ವಿದೇಶಾಂಗ ಸಚಿವಾಲಯ ಷರತ್ತು ಹಾಕಿತು: ಆರ್‌ಸಿ ಮರಳಿಸಬೇಕು, ಕ್ಯಾಂಪಿನಲ್ಲಿ ವಾಸ ಇರಬಾರದು, ನಿರಾಶ್ರಿತರ ಸೌಲಭ್ಯ ಬಿಡಬೇಕು. ಮನೆ, ಹೊಲ ಕ್ಯಾಂಪಿನಲ್ಲೇ ಇದ್ದರೆ ಅದು ಸಣ್ಣ ಬೆಲೆಯಲ್ಲ. ಮನೆಯವರೊಡನೆ ಕೂತು ಮಾತಾಡಿಯೇ ಅರ್ಜಿ ಹಾಕಲಿ.

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮೇಲ್ಮನೆಯಲ್ಲಿರುವ ವಿದೇಶಿ ವಿದ್ಯಾರ್ಥಿಯ ಪಾಸ್‌ಪೋರ್ಟ್ ಕಳೆದಿದೆ. ಅವರ ರಾಯಭಾರ ಕಚೇರಿ ತುರ್ತು ಪ್ರಯಾಣ ಪತ್ರ ಕೊಡುತ್ತದಂತೆ. ಸಾಕೇ?

ಉತ್ತರ: ಊರಿಗೆ ಮರಳಲು ಸಾಕು, ಅದಕ್ಕೂ ನಿರ್ಗಮನ ಅನುಮತಿ ಬೇಕು. ಇಲ್ಲಿದ್ದು ಓದು ಮುಗಿಸಲು ಪೂರ್ಣ ಪಾಸ್‌ಪೋರ್ಟನ್ನೇ ಕೇಳಲಿ. ಠಾಣೆಯಲ್ಲಿ ದೂರು ಕೊಟ್ಟು, ಅದರ ಪ್ರತಿಯಲ್ಲಿ ಹಳೆಯ ಪಾಸ್‌ಪೋರ್ಟ್ ಸಂಖ್ಯೆ ಬರುವಂತೆ ನೋಡಿಕೊಳ್ಳಲಿ. ಸಂಖ್ಯೆ ನಿಮ್ಮ ಬಾಡಿಗೆ ಕಡತದ ಜೆರಾಕ್ಸಿನಲ್ಲಿ ಸಿಗಬಹುದು. ಆಮೇಲೆ ವಿದೇಶಿಯರ ನೋಂದಣಿಯ ಆನ್‌ಲೈನ್ ತಾಣವಾದ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ ಹೊಸ ಪಾಸ್‌ಪೋರ್ಟಿನ ವಿವರ, ಕಾಲೇಜಿನ ಬೋನಫೈಡ್ ಪತ್ರ ಹಾಕಬೇಕು. ವಿದೇಶಿ ಬಾಡಿಗೆದಾರರು ಬಂದ 24 ಗಂಟೆಯೊಳಗೆ ನೀವು ಕೊಡಬೇಕಿದ್ದ ಮಾಹಿತಿ, ಜನ ಸಿ-ಫಾರ್ಮ್ ಅನ್ನುವುದು, ಕೊಟ್ಟಿದ್ದೀರಿ ತಾನೆ? ವಿಳಾಸಕ್ಕೆ ಅದನ್ನೇ ಕೇಳುತ್ತಾರೆ.