ಕಾರು ಯಾವ ದೇಶದಲ್ಲಿ ಜೋಡಣೆಯಾಯಿತು ಎಂಬುದರಿಂದ ಅದರ ಗುಣಮಟ್ಟ ಬದಲಾಗುತ್ತದೆಯೇ?

ನೀವು ಕೇಳಿರುವುದು ಇಷ್ಟು: ನೀವು ಮೆಚ್ಚಿದ ಕಾರು ಎರಡು ದೇಶಗಳಲ್ಲಿ ತಯಾರಾಗುತ್ತದೆ. ಒಂದು ಕಂಪನಿ ಹುಟ್ಟಿದ ದೇಶ, ಇನ್ನೊಂದು ಬೇರೆ ಕಡೆ. ಮೂಲ ದೇಶದಲ್ಲಿ ತಯಾರಾದ ಕಾರಿಗೆ ದುಡ್ಡೂ ಹೆಚ್ಚು, ಕಾಯಬೇಕಾದ ದಿನಗಳೂ ಹೆಚ್ಚು. ಕಾಯುವುದರಲ್ಲಿ ಅರ್ಥವಿದೆಯೇ?

ಬರೀ ದೇಶದ ಹೆಸರಿಗೋಸ್ಕರ ಕಾಯಬೇಡಿ ಅಂತ ನಾನು ಹೇಳುತ್ತೇನೆ. ಕಾರು ಕಾರ್ಖಾನೆಯೊಂದರ ಬಾಡಿ ಶಾಪಿನಲ್ಲಿ (ತಗಡುಗಳನ್ನು ಬೆಸೆದು ಕಾರಿನ ಮೈ ಕಟ್ಟುವ ವಿಭಾಗ), ಗುಣಮಟ್ಟ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದವನು ನಾನು. ಕಾರ್ಖಾನೆಯಿಂದ ಕಾರ್ಖಾನೆಗೆ ವ್ಯತ್ಯಾಸ ಖಂಡಿತ ಇರುತ್ತದೆ, ಕೆಲವೊಮ್ಮೆ ಕಣ್ಣಿಗೆ ಹೊಡೆಯುವಷ್ಟು ಇರುತ್ತದೆ. ಆದರೆ ಅದು ದೇಶದ ಗಡಿ ನೋಡಿಕೊಂಡು ಹುಟ್ಟುವುದಿಲ್ಲ.

ಇದಕ್ಕೆ ನಾನು ಕಂಡ ಅತಿ ಗಟ್ಟಿ ಉದಾಹರಣೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಒಂದು ಕಾರ್ಖಾನೆ. ಅಲ್ಲಿ ಜನರಲ್ ಮೋಟಾರ್ಸ್ ಕಾರು ತಯಾರಿಸುತ್ತಿತ್ತು. ಕೆಲಸಗಾರರ ಗೈರುಹಾಜರಿ, ಜಗಳ, ಕಳಪೆ ಕಾರುಗಳಿಗೆ ಹೆಸರಾಗಿದ್ದ ಆ ಕಾರ್ಖಾನೆಯನ್ನು 1982ರಲ್ಲಿ ಮುಚ್ಚಿದರು. ಎರಡು ವರ್ಷದ ನಂತರ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಸೇರಿ ನಮ್ಮಿ ಎಂಬ ಹೆಸರಿನಲ್ಲಿ ಅದನ್ನೇ ಮತ್ತೆ ತೆರೆದವು. ಕಟ್ಟಡ ಅದೇ, ಕಾರ್ಮಿಕ ಸಂಘ ಅದೇ, ಕೆಲಸಗಾರರಲ್ಲಿ ಬಹುಪಾಲು ಹಳಬರೇ. ಅವರಲ್ಲಿ ನೂರಾರು ಜನರನ್ನು ಜಪಾನಿನಲ್ಲಿರುವ ಟೊಯೋಟಾದ ತಾಕಾವೊಕಾ ಕಾರ್ಖಾನೆಗೆ ಕಳಿಸಿ ತರಬೇತಿ ಕೊಡಿಸಿದರು. ಹಳೆಯ ಪದ್ಧತಿಯಲ್ಲಿ ಏನೇ ಆಗಲಿ ಲೈನ್, ಅಂದರೆ ಕಾರುಗಳು ಸಾಲಾಗಿ ಸಾಗುತ್ತಾ ಜೋಡಣೆಯಾಗುವ ಸಾಲು, ನಿಲ್ಲಿಸುವ ಹಾಗಿರಲಿಲ್ಲ. ತಪ್ಪು ಜೋಡಣೆಯಾದ ಕಾರು ಹಾಗೇ ಮುಂದೆ ಹೋಗುತ್ತಿತ್ತು, ಆಮೇಲೆ ಯಾರೋ ಸರಿ ಮಾಡಬೇಕಿತ್ತು. ಹೊಸ ಪದ್ಧತಿಯಲ್ಲಿ ಪ್ರತಿ ಕೆಲಸಗಾರನ ಕೈಗೆಟಕುವಂತೆ ಒಂದು ಹಗ್ಗ ಇತ್ತು. ತೊಂದರೆ ಕಂಡರೆ ಎಳೆಯಬೇಕು. ಟೀಮ್ ಲೀಡರ್ ಓಡಿಬರುತ್ತಾನೆ. ಅಲ್ಲೇ ಬಗೆಹರಿಯದಿದ್ದರೆ ಲೈನ್ ನಿಲ್ಲುತ್ತದೆ.

ಫಲಿತಾಂಶ ಲೆಕ್ಕದಲ್ಲೇ ಕಂಡಿತು. ಎಂಐಟಿಯ ಸಂಶೋಧಕರು 1980ರ ದಶಕದ ಕೊನೆಯಲ್ಲಿ ಕಾರ್ಖಾನೆಗಳನ್ನು ಹೋಲಿಸಿದಾಗ, ತಾಕಾವೊಕಾದಲ್ಲಿ 100 ಕಾರಿಗೆ 45 ಜೋಡಣೆ ದೋಷಗಳಿದ್ದವು. ನಮ್ಮಿಯಲ್ಲೂ 45. ಅದೇ ಹೊತ್ತಿಗೆ ಅದೇ ಅಮೆರಿಕದಲ್ಲಿ, ಜನರಲ್ ಮೋಟಾರ್ಸ್‌ನ ಫ್ರಾಮಿಂಗ್‌ಹ್ಯಾಮ್ ಕಾರ್ಖಾನೆಯಲ್ಲಿ 130ರ ಆಸುಪಾಸು. ಒಂದೇ ದೇಶದ ಎರಡು ಕಾರ್ಖಾನೆಗಳ ನಡುವೆ ಸುಮಾರು ಮೂರು ಪಟ್ಟು ಅಂತರ. ಸಾಗರದ ಆಚೆ ಈಚೆ ಇದ್ದ ಎರಡರ ನಡುವೆ ಅಂತರವೇ ಇಲ್ಲ.

ಆ ಕಟ್ಟಡದ ಕಥೆ ಅಲ್ಲಿಗೆ ಮುಗಿಯಲಿಲ್ಲ. 2010ರಲ್ಲಿ ನಮ್ಮಿ ಮುಚ್ಚಿತು, ಜಾಗ ಟೆಸ್ಲಾ ಪಾಲಾಯಿತು. ಮಾಡೆಲ್ 3 ಮೊದಮೊದಲು ಅಲ್ಲಿಂದ ಹೊರಬಂದಾಗ, 2017-18ರ ಸುಮಾರಿಗೆ, ಬಾಡಿ ಫಲಕಗಳ ನಡುವಿನ ಗ್ಯಾಪ್ ಸಮನಾಗಿಲ್ಲ ಎಂಬ ದೂರು ಎಲ್ಲ ಕಡೆ ಕೇಳಿಬಂತು. ಅದೇ ಮಾಡೆಲ್ ಶಾಂಘೈ ಕಾರ್ಖಾನೆಯಲ್ಲಿ ತಯಾರಾಗಿ 2020ರಿಂದ ಯುರೋಪಿಗೆ ಹೋಗತೊಡಗಿದಾಗ, ಅದರ ಫಿಟ್ಟಿಂಗ್ ಫ್ರೀಮಾಂಟ್ ಕಾರಿಗಿಂತ ಚೊಕ್ಕವಾಗಿದೆ ಎಂದು ಹಲವು ವಿಮರ್ಶಕರು ಬರೆದರು. ಮೂಲ ದೇಶದ ಕಾರೇ ಮೇಲು ಅನ್ನುವ ಲೆಕ್ಕ ಇಲ್ಲಿ ತಲೆಕೆಳಗಾಯಿತು.

ಹಾಗಾದರೆ ಗುಣಮಟ್ಟ ಎಲ್ಲಿ ಹುಟ್ಟುತ್ತದೆ? ಒಂದು ಬಾಗಿಲನ್ನೇ ತೆಗೆದುಕೊಳ್ಳಿ. ಬಾಡಿ ಶಾಪಿನಲ್ಲಿ ಅದನ್ನು ಹಿಂಜಿಗೆ (ಬಾಗಿಲ ತಿರುಗಣೆಗೆ) ಕೂರಿಸುವಾಗ ಅದು ಬರೀ ತಗಡು. ಗಾಜು, ಗಾಜು ಏರಿಸುವ ಮೋಟಾರು, ಸ್ಪೀಕರ್, ವೈರಿಂಗ್ ಯಾವುದೂ ಇನ್ನೂ ಸೇರಿರುವುದಿಲ್ಲ. ಅವೆಲ್ಲ ಸೇರಿದ ಮೇಲೆ ಭಾರಕ್ಕೆ ಬಾಗಿಲಿನ ಹಿಂತುದಿ ತುಸು ಜಗ್ಗುತ್ತದೆ. ಅದಕ್ಕೇ ಮೊದಲೇ ಒಂದಿಷ್ಟು ಎತ್ತರಿಸಿ ಕೂರಿಸುತ್ತಾರೆ, ಜಗ್ಗಿದ ಮೇಲೆ ಸರಿಯಾದ ಜಾಗಕ್ಕೆ ಬರಲಿ ಅಂತ. ಪೇಂಟ್ ಆದ ಮೇಲೆ ಎಷ್ಟೋ ಕಾರ್ಖಾನೆಗಳಲ್ಲಿ ಬಾಗಿಲನ್ನು ಕಳಚಿ, ಬೇರೆ ಲೈನಿನಲ್ಲಿ ಒಳಗಿನ ಸಾಮಾನೆಲ್ಲ ತುಂಬಿಸಿ, ಕೊನೆಗೆ ಅದೇ ಕಾರಿಗೆ ಮತ್ತೆ ಹಾಕುತ್ತಾರೆ. ಇಷ್ಟೆಲ್ಲ ಆಗಿಯೂ ಮುಂಬಾಗಿಲು, ಹಿಂಬಾಗಿಲುಗಳ ನಡುವಿನ ಗ್ಯಾಪ್ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇರಬೇಕು.

ಈಗ ಬೆಳಗಿನ ಶಿಫ್ಟಿನಲ್ಲಿ 4 ಮಿಲಿಮೀಟರ್ ತೋರಿಸುತ್ತಿದ್ದ, ಗ್ಯಾಪ್ ಅಳೆಯುವ ಗೇಜು ಮಧ್ಯಾಹ್ನ 4.7 ತೋರಿಸತೊಡಗಿತು ಅಂದುಕೊಳ್ಳಿ. ಕಾರಣ ಏನು ಬೇಕಾದರೂ ಆಗಿರಬಹುದು. ವೆಲ್ಡಿಂಗ್ ಫಿಕ್ಸ್ಚರಿನಲ್ಲಿ ತಗಡನ್ನು ಹಿಡಿದು ನಿಲ್ಲಿಸುವ ಪಿನ್ ಸವೆದಿರಬಹುದು, ಪ್ರೆಸ್ ಶಾಪಿನಲ್ಲಿ ತಗಡಿಗೆ ಆಕಾರ ಕೊಡುವ ಅಚ್ಚು (ಡೈ) ಬದಲಾಗಿರಬಹುದು, ತಗಡಿನ ಹೊಸ ಲಾಟ್ ಬಂದಿರಬಹುದು. ಇಲ್ಲಿ ಎರಡು ದಾರಿ. ಒಂದು, ಅಳತೆಯ ಜಾಡು ಹಿಡಿದು ಹಿಂದಕ್ಕೆ ಹೋಗಿ ಆ ಸವೆದ ಪಿನ್ನನ್ನು ಹುಡುಕಿ ಬದಲಿಸುವುದು. ಇನ್ನೊಂದು, ಲೈನಿನ ಕೊನೆಯಲ್ಲಿ ಒಬ್ಬ ಅನುಭವಿಯನ್ನು ನಿಲ್ಲಿಸಿ, ಬಂದ ಪ್ರತಿ ಬಾಗಿಲನ್ನೂ ಬಲ ಹಾಕಿ ಬಗ್ಗಿಸಿ ಗ್ಯಾಪ್ ಸರಿ ಕಾಣುವಂತೆ ಮಾಡುವುದು. ಶೋರೂಮಿನಲ್ಲಿ ನೋಡುವವರಿಗೆ ಎರಡೂ ಒಂದೇ. ಆದರೆ ಎರಡನೆಯದರಲ್ಲಿ ರಬ್ಬರ್ ಸೀಲು ಎಲ್ಲ ಕಡೆ ಒಂದೇ ಸಮ ಒತ್ತಿಕೊಂಡಿರುವುದಿಲ್ಲ. ಹೆದ್ದಾರಿಯಲ್ಲಿ ಗಾಳಿಯ ಸಿಳ್ಳು ಶುರುವಾಗುತ್ತದೆ, ಜೋರು ಮಳೆಗೆ ನೀರು ಒಳಗಿಳಿಯುತ್ತದೆ. ನಾನು ಕಂಡ ಒಳ್ಳೆಯ ಸೂಪರ್‌ವೈಸರ್‌ಗಳೆಲ್ಲ ಮೊದಲನೆಯ ದಾರಿ ಹಿಡಿದವರು. ಅಂದಿನ ಟಾರ್ಗೆಟ್ ತಪ್ಪಿ ಬೈಸಿಕೊಂಡರೂ ಬಿಟ್ಟುಕೊಟ್ಟವರಲ್ಲ. ಅಂಥವರಿಗೆ ಮೇಲಿನವರ ಬೆಂಬಲ ಇದೆಯೋ ಇಲ್ಲವೋ ಅನ್ನುವುದೇ ಆ ಕಾರ್ಖಾನೆಯ ಕಾರು ಹೇಗಿರುತ್ತದೆ ಅನ್ನುವುದನ್ನು ತೀರ್ಮಾನಿಸುತ್ತದೆ.

ಬಿಎಂಡಬ್ಲ್ಯೂ 3 ಸೀರೀಸ್ ತಯಾರಿಸುತ್ತಿದ್ದ ದಕ್ಷಿಣ ಆಫ್ರಿಕಾದ ರಾಸ್ಲಿನ್ ಕಾರ್ಖಾನೆಗೆ 2015ರಲ್ಲಿ, ಕಾರು ಕೊಂಡವರ ಸಮೀಕ್ಷೆ ಮಾಡುವ ಜೆ.ಡಿ. ಪವರ್ ಸಂಸ್ಥೆಯ ಪ್ಲಾಟಿನಂ ಪ್ರಶಸ್ತಿ ಬಂದಿತ್ತು. ಆ ಪ್ರಶಸ್ತಿಗೆ ವಿನ್ಯಾಸದ ದೂರುಗಳನ್ನು ಬಿಟ್ಟು, ದೋಷ ಮತ್ತು ಕೆಟ್ಟುಹೋಗುವಿಕೆಗಳನ್ನು ಮಾತ್ರ ಎಣಿಸುತ್ತಾರೆ. ಜರ್ಮನ್ ಹೆಸರಿನ ಕಾರು ಜರ್ಮನಿಯಲ್ಲೇ ಆಗಬೇಕು ಎನ್ನುವವರು ಇದನ್ನೊಮ್ಮೆ ಗಮನಿಸಬೇಕು.

ಹಾಗಂತ ದೇಶಕ್ಕೆ ಏನೂ ಲೆಕ್ಕವಿಲ್ಲ ಅಂತ ನಾನು ಹೇಳುತ್ತಿಲ್ಲ. ಲೆಕ್ಕಕ್ಕೆ ಬರುವುದು ಕಾರು ಯಾವ ದೇಶಕ್ಕಾಗಿ ತಯಾರಾಯಿತು ಎಂಬುದು, ಅದನ್ನು ಬಹಳ ಜನ ಕೇಳುವುದೇ ಇಲ್ಲ. 2016ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಸಂಸ್ಥೆಗಳಾದ ಗ್ಲೋಬಲ್ ಎನ್‌ಕ್ಯಾಪ್, ಲ್ಯಾಟಿನ್ ಎನ್‌ಕ್ಯಾಪ್ ಮತ್ತು ಅಮೆರಿಕದ ಐಐಎಚ್ಎಸ್ ಸೇರಿ ನಿಸಾನ್‌ನ ಎರಡು ಕಾರುಗಳನ್ನು ಎದುರುಬದುರು ಡಿಕ್ಕಿ ಹೊಡೆಸಿದವು. ಒಂದು ಮೆಕ್ಸಿಕೋದಲ್ಲಿ ಮಾರುತ್ತಿದ್ದ ಟ್ಸುರು, ಇನ್ನೊಂದು ಅಮೆರಿಕದಲ್ಲಿ ಮಾರುತ್ತಿದ್ದ ವರ್ಸಾ. ಟ್ಸುರುವಿನಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಚಾಲಕನ ಜಾಗ ಮುದುಡಿಹೋಯಿತು, ಬದುಕುಳಿಯುವ ಸಾಧ್ಯತೆ ಕಾಣಲಿಲ್ಲ. ವರ್ಸಾದ ಕ್ಯಾಬಿನ್ ಬಹುಮಟ್ಟಿಗೆ ಹಾಗೇ ಉಳಿಯಿತು. ಎರಡೂ ತಯಾರಾದದ್ದು ಮೆಕ್ಸಿಕೋದಲ್ಲೇ. ವ್ಯತ್ಯಾಸ ತಂದದ್ದು ಮಾರುಕಟ್ಟೆಯ ಕಾನೂನು ಮತ್ತು ವಿನ್ಯಾಸದ ವಯಸ್ಸು. ಆ ವಿಡಿಯೋ ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ. ಟ್ಸುರು ಉತ್ಪಾದನೆ 2017ರಲ್ಲಿ ನಿಂತಿತು.

ಹಾಗಾಗಿ ಎರಡು ದೇಶದ ಕಾರುಗಳ ನಡುವೆ ವ್ಯತ್ಯಾಸ ಕಂಡರೆ, ಮೊದಲು ಅದು ಜೋಡಣೆಯದ್ದೋ ಸ್ಪೆಸಿಫಿಕೇಶನ್ನಿನದ್ದೋ ನೋಡಿ. ಫೋಕ್ಸ್‌ವ್ಯಾಗನ್ 1978ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ರ‍್ಯಾಬಿಟ್ ಕಾರು ತಯಾರಿಸತೊಡಗಿದಾಗ ಅಲ್ಲಿನವರ ರುಚಿಗೆ ಅಂತ ಸಸ್ಪೆನ್ಷನ್ ಮೆದು ಮಾಡಿದರು, ಒಳಾಂಗಣ ಬದಲಿಸಿದರು. ಜರ್ಮನ್ ಕಾರು ಓಡಿಸಿದ್ದವರಿಗೆ ಅದು ಬೇರೆಯದೇ ಕಾರು ಅನ್ನಿಸಿತು. ಅದು ಕಾರ್ಮಿಕರ ಕೈಯ ತಪ್ಪಲ್ಲ, ಮೇಲಿನವರು ಕಾಗದದ ಮೇಲೆ ಮಾಡಿದ ತೀರ್ಮಾನ. ಒಳಕವಚದ ಪ್ಲಾಸ್ಟಿಕ್ಕು, ಶಬ್ದ ತಡೆಯುವ ಪದರ, ಏರ್‌ಬ್ಯಾಗುಗಳ ಸಂಖ್ಯೆ ಇವೆಲ್ಲ ಇಂಥ ತೀರ್ಮಾನಗಳೇ.

ಬಿಡಿಭಾಗಗಳ ವಿಷಯ ಇನ್ನೊಂದು. ಏರ್‌ಬ್ಯಾಗ್ ತಯಾರಿಸುತ್ತಿದ್ದ ಟಕಾಟಾ ಕಂಪನಿಯ ಪ್ರಕರಣ ನಿಮಗೆ ನೆನಪಿರಬಹುದು. ಏರ್‌ಬ್ಯಾಗನ್ನು ಉಬ್ಬಿಸುವ ಇನ್‌ಫ್ಲೇಟರಿನಲ್ಲಿದ್ದ ಅಮೋನಿಯಂ ನೈಟ್ರೇಟ್, ಸೆಖೆ ಮತ್ತು ತೇವಕ್ಕೆ ವರ್ಷಗಟ್ಟಲೆ ಸಿಕ್ಕಿ ಕೆಡುತ್ತಿತ್ತು. ಅಪಘಾತದಲ್ಲಿ ಲೋಹದ ಚೂರುಗಳು ಸಿಡಿದು ಜನ ಸತ್ತರು. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರುಗಳನ್ನು ವಾಪಸು ಕರೆಯಬೇಕಾಯಿತು. ಜಪಾನಿ, ಜರ್ಮನ್, ಅಮೆರಿಕನ್ ಬ್ರ್ಯಾಂಡುಗಳೆಲ್ಲ ಅದರಲ್ಲಿದ್ದವು. ಕೊನೆಯ ಬೋಲ್ಟ್ ಯಾವ ದೇಶದಲ್ಲಿ ಬಿಗಿದರು ಎಂಬುದು ಅಲ್ಲಿ ಯಾರನ್ನೂ ಕಾಪಾಡಲಿಲ್ಲ.

ನಾನಾದರೆ ದೇಶಕ್ಕಿಂತ ಹೆಚ್ಚು ಹೆದರುವುದು ಹೊಸ ಕಾರ್ಖಾನೆಯ ಹೊಸ ಮಾಡೆಲ್ಲಿನ ಮೊದಲ ವರ್ಷಕ್ಕೆ. ಮರ್ಸಿಡಿಸ್ 1997ರಲ್ಲಿ ಅಲಬಾಮಾದಲ್ಲಿ ಎಂ-ಕ್ಲಾಸ್ ಶುರು ಮಾಡಿದಾಗ ಮೊದಲ ವರ್ಷಗಳ ಕಾರುಗಳಿಗೆ ದೂರುಗಳು ಸಾಕಷ್ಟು ಬಂದವು. ಹೊಸ ಕೆಲಸಗಾರರು, ಹೊಸ ಯಂತ್ರಗಳು, ಹೊಸ ಸರಬರಾಜುದಾರರು ಒಟ್ಟಿಗೆ ಬಂದರೆ ಎಲ್ಲಿ ಆದರೂ ಹೀಗೇ.

ನಿಮ್ಮ ವಿಷಯಕ್ಕೆ ಬಂದರೆ, ಮೊದಲು ವಿಐಎನ್, ಅಂದರೆ ಪ್ರತಿ ಕಾರಿಗೂ ಇರುವ ಗುರುತಿನ ಸಂಖ್ಯೆ, ನೋಡಿ. 17 ಅಕ್ಷರಗಳ ಆ ಸಂಖ್ಯೆಯಲ್ಲಿ ಮೊದಲನೆಯದು ಪ್ರದೇಶ ಹೇಳುತ್ತದೆ: ಜೆ ಅಂದರೆ ಜಪಾನ್, ಡಬ್ಲ್ಯೂ ಅಂದರೆ ಜರ್ಮನಿ, 3 ಅಂದರೆ ಮೆಕ್ಸಿಕೋ. ಸಾಮಾನ್ಯವಾಗಿ 11ನೆಯದು ಕಾರ್ಖಾನೆಯ ಗುರುತು, ನಿಮಗೆ ಬೇಕಾದದ್ದು ಅದು. ಆ ಕಾರ್ಖಾನೆಯಲ್ಲಿ ಈ ಮಾಡೆಲ್ ಎಷ್ಟು ವರ್ಷದಿಂದ ತಯಾರಾಗುತ್ತಿದೆ, ರೀಕಾಲ್‌ಗಳು (ದೋಷಕ್ಕಾಗಿ ವಾಪಸು ಕರೆಯುವುದು) ಯಾವುದಕ್ಕೆ ಬಂದಿವೆ ಅಂತ ಹುಡುಕಿ. ಎರಡೂ ಕಾರಿನ ಸ್ಪೆಸಿಫಿಕೇಶನ್ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ಓದಿ. ಆಮೇಲೆ ನಿಮಗೆ ಕೊಡಲಿರುವ ಕಾರನ್ನೇ ಹಗಲು ಬೆಳಕಿನಲ್ಲಿ ನೋಡಿ: ಎಡಬದಿಯ ಗ್ಯಾಪು ಬಲಬದಿಗೆ ಹೊಂದುತ್ತದೆಯೇ, ನಾಲ್ಕು ಬಾಗಿಲೂ ಒಂದೇ ಬಲಕ್ಕೆ ಮುಚ್ಚುತ್ತವೆಯೇ, ಡಿಕ್ಕಿಯ ಮ್ಯಾಟ್ ಎತ್ತಿದರೆ ತಗಡುಗಳು ಸೇರುವ ಕಡೆ ಹಚ್ಚಿದ ಸೀಲರ್ ನಡುವೆ ಕಡಿಯದೆ ಒಂದೇ ಎಳೆಯಾಗಿದೆಯೇ, ಪೇಂಟ್ ಅಂಚುಗಳವರೆಗೂ ತಲುಪಿದೆಯೇ. ಪಟ್ಟಿಯಲ್ಲಿ ಏರ್‌ಬ್ಯಾಗ್ ಅಥವಾ ಬ್ರೇಕಿನ ವ್ಯತ್ಯಾಸ ಸಿಕ್ಕಿದರೆ ಹೆಚ್ಚು ದುಡ್ಡು ಕೊಟ್ಟು ಕಾಯಿರಿ, ನಾನೂ ಹಾಗೇ ಮಾಡುತ್ತೇನೆ. ಪಟ್ಟಿಗಳು ಒಂದೇ ಆಗಿದ್ದು, ಇನ್ನೊಂದು ದೇಶದ ಕಾರ್ಖಾನೆ ಆ ಮಾಡೆಲ್ಲಿನಲ್ಲಿ ಪಳಗಿದ್ದರೆ ಈಗ ಸಿಗುವ ಕಾರನ್ನೇ ತೆಗೆದುಕೊಳ್ಳಿ.