ಮುಂಗೈ ಇಎಂಜಿಯಲ್ಲಿ ಬರೀ 50 ಹರ್ಟ್ಸ್ ಬರ್ತಿದೆ, ನಾಚ್ ಫಿಲ್ಟರ್ ಹಾಕಲೇ?

ನೀವು ಕೇಳಿದ್ದು: ಬಯೋಮೆಡಿಕಲ್ ಕೊನೇ ವರ್ಷ, ಮಾಟುಂಗಾದ ಪಿಜಿ ರೂಮಿನಲ್ಲೇ ಪ್ರಾಜೆಕ್ಟ್. ಮುಂಗೈಯ ಇಎಂಜಿ (ಸ್ನಾಯುವಿನ ವಿದ್ಯುತ್ ಸಿಗ್ನಲ್) ತೆಗೆದು ಅದರಿಂದ ಒಂದು ಎಲೆಕ್ಟ್ರಾನಿಕ್ ನ್ಯೂರಾನ್ (ನರಕೋಶದಂತೆ ಸ್ಪೈಕ್, ಅಂದರೆ ಚಿಕ್ಕ ವಿದ್ಯುತ್ ಮಿಡಿತ, ಕೊಡುವ ಸರ್ಕ್ಯೂಟ್) ಓಡಿಸಬೇಕು. ಎಡಿ8232 ಬೋರ್ಡಿನಲ್ಲಿ ದಪ್ಪ 50 ಹರ್ಟ್ಸ್ (ಮನೆಯ ಕರೆಂಟಿನ ಗುಂಯ್) ಪಟ್ಟಿ ಬಿಟ್ಟರೆ ಏನೂ ಇಲ್ಲ.

ನಾಚ್ (ಒಂದೇ ಆವರ್ತನವನ್ನು ಕಿತ್ತುಹಾಕುವ ಫಿಲ್ಟರ್) ಬೇಡ. ಇಎಂಜಿಯ ಶಕ್ತಿ ಬಹುಪಾಲು ಇರೋದೇ 50ರಿಂದ 150 ಹರ್ಟ್ಸ್ ನಡುವೆ. ನಾಚ್ ಅಲ್ಲೇ ಬಾಯಿ ಹಾಕುತ್ತದೆ, 150 ಮತ್ತು 250ರ ಹಾರ್ಮೋನಿಕ್ಸ್ (50ರ ಗುಣಕಗಳು) ಮಾತ್ರ ಹಾಗೇ ಉಳಿಯುತ್ತವೆ. ಆ ಬೋರ್ಡನ್ನೂ ಬದಿಗಿಡಿ. ಅದು ಇಸಿಜಿಗೆ ಮಾಡಿದ್ದು, 40 ಹರ್ಟ್ಸ್ ಆಸುಪಾಸಿನಲ್ಲೇ ಸಿಗ್ನಲ್ ಕತ್ತರಿಸುತ್ತದೆ. ನಿಮಗೆ ಬೇಕಾದದ್ದು 20ರಿಂದ 450.

ಮೊದಲು ತಪ್ಪು ಎಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ. ಎಲೆಕ್ಟ್ರೋಡ್ ಬಿಚ್ಚಿ, ಮೂರೂ ವೈರಿನ ಕ್ಲಿಪ್ಪುಗಳನ್ನು ಒಂದಕ್ಕೊಂದು ಕಚ್ಚಿಸಿ. ಗುಂಯ್‌ಗುಟ್ಟುವಿಕೆ ಹೋಯಿತೇ? ಹಾಗಾದರೆ ಸರ್ಕ್ಯೂಟ್ ಸರಿಯಿದೆ, ತೊಂದರೆ ಚರ್ಮದಲ್ಲಿದೆ. ಹೋಗದಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಅರ್ತಿಂಗ್ ಇಲ್ಲದ ಹಳೇ ಪ್ಲಗ್ಗಿನಲ್ಲಿ ಚಾರ್ಜರಿನೊಳಗಿನ ಕೆಪಾಸಿಟರುಗಳು ಲ್ಯಾಪ್‌ಟಾಪಿನ ಮೈಯನ್ನು 230ರ ಅರ್ಧ ವೋಲ್ಟೇಜಿನ ಹತ್ತಿರ ತೇಲಿಸಿಡುತ್ತವೆ (ಲೋಹದ ಮೈ ಮುಟ್ಟಿದಾಗ ಜುಂ ಅನ್ನೋದು ಅದೇ). ಸುರಕ್ಷತೆಯ ದೃಷ್ಟಿಯಿಂದಲೂ, ಮೈಗೆ ಎಲೆಕ್ಟ್ರೋಡ್ ಅಂಟಿಸಿದಾಗ ಎಲ್ಲವೂ ಬ್ಯಾಟರಿಯಲ್ಲೇ ಓಡಬೇಕು. ಇದರಲ್ಲಿ ರಾಜಿ ಇಲ್ಲ.

ಚರ್ಮದ ಲೆಕ್ಕ ನೋಡಿ. ಗೋಡೆಯ ವೈರಿಂಗಿನಿಂದ ನಿಮ್ಮ ಲೀಡಿಗೆ 10 ನ್ಯಾನೋ ಆಂಪ್ ಹರಿದು, ಎರಡು ಎಲೆಕ್ಟ್ರೋಡುಗಳ ಇಂಪೀಡೆನ್ಸಿನಲ್ಲಿ (ಕರೆಂಟಿಗೆ ಒಡ್ಡುವ ತಡೆ) 20 ಕಿಲೋ ಓಮ್ ವ್ಯತ್ಯಾಸವಿದ್ದರೆ 200 ಮೈಕ್ರೋವೋಲ್ಟ್ ಹುಟ್ಟುತ್ತದೆ. ಮುಷ್ಟಿ ಹಗುರ ಬಿಗಿದಾಗಿನ ಇಎಂಜಿಯೂ ಸುಮಾರು ಅಷ್ಟೇ. ಇದು ಎರಡು ಇನ್‌ಪುಟ್ಟುಗಳ ನಡುವಿನ ವ್ಯತ್ಯಾಸವಾಗಿಯೇ ಬರುವುದರಿಂದ ಎಷ್ಟು ಒಳ್ಳೆಯ ಆಂಪ್ಲಿಫೈಯರ್ ಹಾಕಿದರೂ ಕಳೆಯಲ್ಲ. ಹಾಗಾಗಿ ಕೂದಲು ತೆಗೆದು, ಸ್ಪಿರಿಟ್ಟಿನಲ್ಲಿ ಉಜ್ಜಿ, ಒಣಗಲು ಬಿಟ್ಟು, ಜೆಲ್ ಇರುವ ಬೆಳ್ಳಿ-ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ ಅಂಟಿಸಿ 5 ನಿಮಿಷ ಕಾಯಿರಿ. ಕೇಂದ್ರದಿಂದ ಕೇಂದ್ರಕ್ಕೆ 2 ಸೆಂಟಿಮೀಟರ್, ಸ್ನಾಯುವಿನ ಉದ್ದಕ್ಕೇ, ಅಡ್ಡಕ್ಕಲ್ಲ. ಮೂರನೆಯದು ಮೊಣಕೈ ಮೂಳೆಯ ಮೇಲೆ. ವೈರುಗಳನ್ನು ಹೆಣೆಯಿರಿ. ಮಳೆಗಾಲದ ಮುಂಬೈಯಲ್ಲಿ ಇನ್ನೊಂದು ಕಾಟ: ಎರಡು ಎಲೆಕ್ಟ್ರೋಡುಗಳ ನಡುವೆ ಬೆವರು ಹರಡಿದರೆ ಉಪ್ಪುನೀರಿನ ಸೇತುವೆಯಾಗಿ ಸಿಗ್ನಲ್ ಕುಗ್ಗುತ್ತದೆ. ಆಗ ಗೇನ್ (ಸಿಗ್ನಲ್ಲನ್ನು ಎಷ್ಟು ಪಟ್ಟು ಹಿಗ್ಗಿಸುವುದು ಅನ್ನೋದು) ಏರಿಸಬೇಡಿ, ಒರೆಸಿ ಹೊಸದು ಅಂಟಿಸಿ. ಒಡೆದ ಪ್ಯಾಕೆಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿಡಿ.

ಸರ್ಕ್ಯೂಟಿಗೆ ಐಎನ್‌ಎ128 (ಎರಡು ಇನ್‌ಪುಟ್ಟುಗಳ ವ್ಯತ್ಯಾಸ ಹಿಗ್ಗಿಸುವ ಐಸಿ), ಎರಡು 9 ವೋಲ್ಟ್ ಬ್ಯಾಟರಿ. ಅವುಗಳ ನಡುಬಿಂದುವೇ ಸೊನ್ನೆ. ಮೂರನೇ ಎಲೆಕ್ಟ್ರೋಡ್ ಅಲ್ಲಿಗೇ ಹೋಗಬೇಕು, ಇಲ್ಲವಾದರೆ ಇನ್‌ಪುಟ್ ಕರೆಂಟಿಗೆ ದಾರಿಯಿಲ್ಲದೆ ಔಟ್‌ಪುಟ್ ಒಂದು ತುದಿಗೆ ಹೋಗಿ ಕೂರುತ್ತದೆ. ಗೇನ್ = 1 + 50 ಕಿಲೋ ಓಮ್ ÷ ಆರ್‌ಜಿ (ಗೇನ್ ನಿಗದಿ ಮಾಡುವ ರೆಸಿಸ್ಟರ್). ಆರ್‌ಜಿ 5.6 ಕಿಲೋ ಓಮ್ ಹಾಕಿದರೆ 10ರ ಹತ್ತಿರ. ಒಂದೇ ಹಂತದಲ್ಲಿ 1000 ಮಾಡುವ ಆಸೆ ಬೇಡ: ಎಲೆಕ್ಟ್ರೋಡಿನ ಡಿಸಿ ಆಫ್‌ಸೆಟ್ 300 ಮಿಲಿವೋಲ್ಟ್ ತನಕ ಹೋಗಬಹುದು, 10 ಪಟ್ಟಾದರೆ 3 ವೋಲ್ಟ್, ತಡೆದುಕೊಳ್ಳುತ್ತದೆ. ಆಮೇಲೆ 0.1 ಮೈಕ್ರೋಫ್ಯಾರಡ್ ಮತ್ತು 82 ಕಿಲೋ ಓಮ್ (19 ಹರ್ಟ್ಸ್ ಹೈಪಾಸ್, ಅದಕ್ಕಿಂತ ಕೆಳಗಿನದನ್ನು ತಡೆಯುತ್ತದೆ), ಟಿಎಲ್072 ಆಂಪ್ಲಿಫೈಯರ್ ಐಸಿಯಲ್ಲಿ 100 ಪಟ್ಟು, ಕೊನೆಗೆ 3.3 ಕಿಲೋ ಓಮ್ ಮತ್ತು 0.1 ಮೈಕ್ರೋಫ್ಯಾರಡ್ (480 ಹರ್ಟ್ಸ್ ಲೋಪಾಸ್, ಅದಕ್ಕಿಂತ ಮೇಲಿನದನ್ನು ತಡೆಯುತ್ತದೆ). ಮುಂಬೈಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಐಸಿ ತೀರಾ ಅಗ್ಗಕ್ಕೆ ಸಿಕ್ಕರೆ ನಕಲಿಯೇ ಅಂತ ಆರ್‌ಜಿ ಇಲ್ಲದೆ ಪರೀಕ್ಷಿಸಿ, ಗೇನ್ ಸರಿಯಾಗಿ 1 ಇರಬೇಕು.

ಈಗ ನ್ಯೂರಾನ್. ರೆಕ್ಟಿಫೈ ಮಾಡಿ (ಮೈನಸ್ ಭಾಗವನ್ನು ಪ್ಲಸ್ಸಿಗೆ ಮಗುಚಿ) ನಯಗೊಳಿಸಿದ ಇಎಂಜಿಯನ್ನು 100 ಕಿಲೋ ಓಮ್ ಮೂಲಕ 0.1 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ ಕೊಡಿ, ಸೋರಿಕೆಗೆ ಸಮಾಂತರವಾಗಿ 1 ಮೆಗಾ ಓಮ್. 5 ವೋಲ್ಟಿನಲ್ಲಿ ಓಡುವ ಎಲ್‌ಎಂ393ರ (ಎರಡು ವೋಲ್ಟೇಜುಗಳನ್ನು ಹೋಲಿಸುವ ಐಸಿ) ಪ್ಲಸ್ ಕಾಲಿಗೆ ಈ ಕೆಪಾಸಿಟರ್, ಮೈನಸ್ಸಿಗೆ 1 ವೋಲ್ಟ್. ಔಟ್‌ಪುಟ್ಟಿಗೆ 10 ಕಿಲೋ ಓಮ್ ಪುಲ್‌ಅಪ್ (5 ವೋಲ್ಟಿಗೆ ಕಟ್ಟುವ ರೆಸಿಸ್ಟರ್), ಮರೆಯಬೇಡಿ. ಔಟ್‌ಪುಟ್ 100 ಕಿಲೋ ಓಮ್ ಮೂಲಕ ಬಿಸಿ547 ಟ್ರಾನ್ಸಿಸ್ಟರಿನ ಬೇಸಿಗೆ ಹೋಗಲಿ, ಅದರ ಕಲೆಕ್ಟರ್ 10 ಕಿಲೋ ಓಮ್ ಮೂಲಕ ಕೆಪಾಸಿಟರನ್ನು ಬರಿದು ಮಾಡಲಿ.

ಎಲ್ಲರೂ ಎಡವುವುದು ಇಲ್ಲಿ: ಕೆಪಾಸಿಟರಿನ ಚಾರ್ಜ್ ಆ 1 ವೋಲ್ಟಿನ ಗೆರೆಯಿಂದ ಕೂದಲೆಳೆ ಕೆಳಗಿಳಿದ ಕೂಡಲೇ ಔಟ್‌ಪುಟ್ ಬೀಳುತ್ತದೆ, ಮತ್ತೆ ಏಳುತ್ತದೆ. ಸ್ಪೈಕ್ ಬದಲು ಬರೀ ನಡುಕ. ಇದಕ್ಕೆ ಔಟ್‌ಪುಟ್ಟಿನಿಂದ ಪ್ಲಸ್ ಕಾಲಿಗೆ 0.022 ಮೈಕ್ರೋಫ್ಯಾರಡ್ ಹಾಕಿ. ಚಿಪ್ ವಿಜ್ಞಾನಿ ಕಾರ್ವರ್ ಮೀಡ್ ಅವರ ಆಕ್ಸನ್-ಹಿಲಕ್ (ನರಕೋಶದಲ್ಲಿ ಸ್ಪೈಕ್ ಹುಟ್ಟುವ ಜಾಗ) ಸರ್ಕ್ಯೂಟಿನ ಉಪಾಯವೇ ಇದು. ಔಟ್‌ಪುಟ್ ಏರಿದಾಗ ಕೆಪಾಸಿಟರನ್ನು ಸುಮಾರು 0.8 ವೋಲ್ಟ್ ಮೇಲಕ್ಕೆ ತಳ್ಳುತ್ತದೆ, ಬಿದ್ದಾಗ ಅಷ್ಟೇ ಕೆಳಕ್ಕೆ ಎಳೆಯುತ್ತದೆ. ಸ್ಪೈಕಿನ ಅಗಲ 1 ಮಿಲಿಸೆಕೆಂಡಿನ ಹತ್ತಿರ, ನಿಜವಾದ ನರದಂತೆಯೇ. ಇನ್‌ಪುಟ್ 1.1 ವೋಲ್ಟ್ ದಾಟುವವರೆಗೂ ಮೌನ, 2 ವೋಲ್ಟ್ ಆದರೆ ಸೆಕೆಂಡಿಗೆ 120 ಸ್ಪೈಕಿನ ಆಸುಪಾಸು. ಕೈ ಸಡಿಲ ಬಿಟ್ಟಾಗಲೂ ಸ್ಪೈಕ್ ಬರುತ್ತಿದ್ದರೆ 1 ವೋಲ್ಟಿನ ಗೆರೆ ಏರಿಸಬೇಡಿ, ಮತ್ತೆ ಆ ಕ್ಲಿಪ್ಪುಗಳನ್ನು ಕಚ್ಚಿಸಿ ನೋಡಿ.