ಫ್ರಾನ್ಸ್‌ನಲ್ಲಿ ಅಧ್ಯಕ್ಷರೇ ಎಲ್ಲ, ಪ್ರಧಾನಿ ಹೆಸರಿಗೆ ಮಾತ್ರ ಅಂತ ನೆನಪಿಟ್ಟುಕೊಂಡರೆ ಪೌರತ್ವದ ಸಂದರ್ಶನಕ್ಕೆ ಸಾಕಾ?

ಸಾಕಾಗಲ್ಲ. ಇದೇ ಒಂದು ಸಾಲನ್ನು ಉರು ಹೊಡೆದುಕೊಂಡು 2019ರಲ್ಲಿ ನಾನೂ ಪ್ರಿಫೆಕ್ಚರ್ (ಪೌರತ್ವದ ಅರ್ಜಿ ನೋಡುವ ಸರ್ಕಾರಿ ಕಚೇರಿ) ಮೆಟ್ಟಿಲು ಹತ್ತಿದ್ದೆ.

ಆಗ ನಾನು ಫ್ರಾನ್ಸಿಗೆ ಬಂದು ಏಳು ವರ್ಷ. ಸಂಬಳದ ಚೀಟಿ, ತೆರಿಗೆ ಕಾಗದ, ಜನನ ಪ್ರಮಾಣಪತ್ರದ ಅನುವಾದ ಎಲ್ಲ ಸೇರಿ ದಪ್ಪ ಫೈಲ್ ಆಗಿತ್ತು. ಭಾಷೆಯ ಭಯ ಇರಲಿಲ್ಲ. ಸಂದರ್ಶನಕ್ಕೆ ಓದಿಕೊಳ್ಳಲಿ ಅಂತ ಸರ್ಕಾರವೇ ಮಾಡಿರುವ ಪುಸ್ತಿಕೆಯನ್ನು ಹಿಂದಿನ ರಾತ್ರಿ ತಿರುವಿ ಹಾಕಿದೆ. ಸರ್ಕಾರದ ಭಾಗ ಬಂದಾಗ ಪುಟ ಹಾರಿಸಿದೆ. ನಮ್ಮಲ್ಲಿ ಪ್ರಧಾನಿ ಆಳುತ್ತಾರೆ, ರಾಷ್ಟ್ರಪತಿ ಸಹಿ ಹಾಕುತ್ತಾರೆ. ಇಲ್ಲಿ ಅದರ ಉಲ್ಟಾ. ಇಷ್ಟೇ ತಾನೆ ಅಂದುಕೊಂಡೆ.

ಸಂದರ್ಶನ ಮಾಡಿದ ಮಹಿಳೆ ಮೊದಲು ಮನೆ ವಿಚಾರ ಕೇಳಿದರು. ಮದುವೆ ಯಾವಾಗ, ಹೆಂಡತಿಗೆ ಏನು ಕೆಲಸ, ಮಗಳು ಯಾವ ಕ್ಲಾಸು. ಆಮೇಲೆ, ದೇಶದ ನೀತಿಯನ್ನು ನಿರ್ಧರಿಸೋದು ಯಾರು ಅಂದರು. ಅಧ್ಯಕ್ಷರು ಅಂದೆ. ಸಂವಿಧಾನದ ಪ್ರಕಾರವೂ? ಹೌದು ಮದಾಮ್, ಸಂವಿಧಾನದ ಪ್ರಕಾರವೇ. ಅವರು ಏನೋ ಬರೆದುಕೊಂಡರು. ಹಾಗಾದರೆ ಕೊಆಬಿತಾಸ್ಯೋಂ ಬಗ್ಗೆ ಹೇಳಿ ಅಂದರು.

ಆ ಪದಕ್ಕೆ ಒಟ್ಟಿಗೆ ಬಾಳುವುದು ಅಂತ ಅರ್ಥ. ಮತ್ತೆ ಮನೆ ವಿಚಾರಕ್ಕೆ ಬಂದರು ಅಂದುಕೊಂಡೆ. "ಒಂಬತ್ತು ವರ್ಷದಿಂದ ಒಟ್ಟಿಗೇ ಇದ್ದೇವೆ ಮದಾಮ್, ಜಗಳ ಏನೂ ಇಲ್ಲ" ಅಂದೆ. ಅವರು ನಗಲಿಲ್ಲ. ನಕ್ಕಿದ್ದರೆ ನನಗೂ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತಿತ್ತು.

ಕೆಲವು ತಿಂಗಳ ಮೇಲೆ ಪತ್ರ ಬಂತು. ಅರ್ಜಿ ಎರಡು ವರ್ಷ ಮುಂದಕ್ಕೆ. ದೇಶದ ಇತಿಹಾಸ ಮತ್ತು ಆಡಳಿತ ಸಂಸ್ಥೆಗಳ ಬಗ್ಗೆ ತಿಳಿವಳಿಕೆ ಸಾಲದು ಅಂತ ಕಾರಣ. ಫ್ರೆಂಚ್ ಪೌರತ್ವ ಇದ್ದವರಿಗೆ ಮಾತ್ರ ಸಿಗುವ ಕೆಲಸವೊಂದು ಕೈಗೆ ಬರುವುದರಲ್ಲಿತ್ತು, ಅದು ಹೋಯಿತು. 2022ರ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವುದೂ ತಪ್ಪಿತು. ಹೆಂಡತಿ ಈಗಲೂ ಜಗಳ ಆದಾಗೆಲ್ಲ "ಮದಾಮ್‌ಗೆ ಹೇಳಲಾ?" ಅನ್ನುತ್ತಾಳೆ.

ನನ್ನ ತಪ್ಪು ಪದದ ಅರ್ಥದಲ್ಲಿ ಇರಲಿಲ್ಲ. ಪದ ಗೊತ್ತಿದ್ದಿದ್ದರೂ ನಾನು ಫೇಲೇ. ಯಾಕೆಂದರೆ ನನ್ನ ತಲೆಯಲ್ಲಿದ್ದದ್ದು ಅಂಗಿಯ ಒಳಮೈ ಹೊರಗೆ ಮಾಡಿ ಹಾಕಿಕೊಂಡ ಭಾರತ, ಫ್ರಾನ್ಸ್ ಅಲ್ಲ. ಇಲ್ಲಿ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುತ್ತಾರೆ, ಅದು 1962ರಲ್ಲಿ ಆಗಿನ ಅಧ್ಯಕ್ಷ ಡಿ ಗಾಲ್ ಜನಮತ ಕೇಳಿ ತಂದ ಬದಲಾವಣೆ. ಅಧ್ಯಕ್ಷರು ಪ್ರಧಾನಿಯನ್ನು ನೇಮಿಸುತ್ತಾರೆ. ಆದರೆ ಆ ಪ್ರಧಾನಿಯನ್ನು ಮನೆಗೆ ಕಳಿಸುವ ಶಕ್ತಿ 577 ಸದಸ್ಯರ ರಾಷ್ಟ್ರೀಯ ಸಭೆಗಿದೆ, ಅಂದರೆ ನಮ್ಮ ಲೋಕಸಭೆಯಂಥ ಕೆಳಮನೆಗೆ. ನೇಮಿಸುವವರು ಒಬ್ಬರು, ಬೀಳಿಸುವವರು ಇನ್ನೊಬ್ಬರು. ಹಾಗಾಗಿ ಸಭೆಯಲ್ಲಿ ಅಧ್ಯಕ್ಷರ ಕಡೆಯವರಿಗೆ ಬಹುಮತ ಇದ್ದರೆ ನಿಮ್ಮ ಸಾಲು ಹೆಚ್ಚುಕಮ್ಮಿ ನಿಜ. ಇಲ್ಲದಿದ್ದರೆ ಪೂರ್ತಿ ಸುಳ್ಳು.

ಸುಳ್ಳಾದ ಕಾಲಕ್ಕೇ ಕೊಆಬಿತಾಸ್ಯೋಂ ಅನ್ನುವುದು. ಒಂದು ಪಕ್ಷದ ಅಧ್ಯಕ್ಷ, ಎದುರು ಪಕ್ಷದ ಪ್ರಧಾನಿ, ಒಂದೇ ಸೂರಿನಡಿ ಸಂಸಾರ. ಮೂರು ಸಲ ಆಗಿದೆ: 1986ರಿಂದ 88, 1993ರಿಂದ 95, 1997ರಿಂದ 2002. ಮೂರನೆಯದನ್ನಂತೂ ಮರೆಯಬೇಡಿ. ಅಧ್ಯಕ್ಷ ಜಾಕ್ ಶಿರಾಕ್ ಬಲಪಂಥದವರು. ಕೈಯಲ್ಲಿ ಬಹುಮತ ಇದ್ದರೂ 1997ರಲ್ಲಿ ತಾವೇ ಸಭೆ ವಿಸರ್ಜಿಸಿ ಅವಧಿಗೆ ಮೊದಲೇ ಚುನಾವಣೆಗೆ ಹೋದರು, ಸೋತರು, ಐದು ವರ್ಷ ಸಮಾಜವಾದಿ ಜೋಸ್ಪಾಂ ಅವರನ್ನು ಪ್ರಧಾನಿಯಾಗಿ ಇಟ್ಟುಕೊಂಡರು. ವಾರಕ್ಕೆ 35 ಗಂಟೆ ಕೆಲಸ ಅನ್ನುವ ನಿಯಮ ಬಂದದ್ದು ಆಗಲೇ. ನಿಮ್ಮ ಕಂಪನಿಯಲ್ಲಿ ಆರ್‌ಟಿಟಿ ರಜೆ (35 ಗಂಟೆಗಿಂತ ಹೆಚ್ಚು ದುಡಿದದ್ದಕ್ಕೆ ಬದಲಾಗಿ ಕೊಡುವ ರಜೆ) ಸಿಗುತ್ತಿದ್ದರೆ, ಅದು "ಹೆಸರಿಗೆ ಮಾತ್ರ" ಇದ್ದ ಆ ಪ್ರಧಾನಿಯ ಕೃಪೆ. ಸಂವಿಧಾನದ 20ನೇ ವಿಧಿ ಹೇಳುವುದೂ ಅದನ್ನೇ: ದೇಶದ ನೀತಿ ನಿರ್ಧರಿಸುವುದು ಸರ್ಕಾರ. ಆ ಸರ್ಕಾರವನ್ನು ನಡೆಸುವವರು ಪ್ರಧಾನಿ ಅಂತ 21ನೇ ವಿಧಿ. ನಾನು ಮದಾಮ್ ಮುಂದೆ ಎದೆ ಉಬ್ಬಿಸಿ ತಪ್ಪು ಹೇಳಿದ್ದು ಇದನ್ನು.

2000ದಲ್ಲಿ ಜನಮತ ಪಡೆದು ಅಧ್ಯಕ್ಷರ ಅವಧಿಯನ್ನು ಏಳರಿಂದ ಐದು ವರ್ಷಕ್ಕೆ ಇಳಿಸಿದರು. ಸಭೆಯ ಅವಧಿಯೂ ಐದೇ. ಎರಡೂ ಚುನಾವಣೆ ಬೆನ್ನಿಗೆ ಬೆನ್ನಾಗಿ ನಡೆದರೆ ಬಹುಮತವೂ ಅಧ್ಯಕ್ಷರಿಗೇ ಬರುತ್ತದೆ ಅನ್ನುವ ಲೆಕ್ಕ. ಇಪ್ಪತ್ತು ವರ್ಷ ಲೆಕ್ಕ ಸರಿಯೇ ಇತ್ತು, ಹಾಗಾಗಿ ನಮ್ಮಂಥವರಿಗೆ ಈ "ಅಧ್ಯಕ್ಷರೇ ಎಲ್ಲ" ಅನ್ನುವ ಭ್ರಮೆ ಬಂತು.

ನಾನು ಮೊದಲ ಸಲ ಮತ ಹಾಕಿದ ಸಂಸತ್ ಚುನಾವಣೆ 2024ರ ಜೂನ್ 30ರದ್ದು. ಅಧ್ಯಕ್ಷ ಮ್ಯಾಕ್ರನ್ ಸಭೆ ವಿಸರ್ಜಿಸಿದ್ದರು. ಫಲಿತಾಂಶದಲ್ಲಿ ಮೂರು ಬಣ, ಬಹುಮತಕ್ಕೆ ಬೇಕಾದ 289 ಯಾರಿಗೂ ಇಲ್ಲ. ಅಧ್ಯಕ್ಷರು ಬಾರ್ನಿಯೆ ಅವರನ್ನು ಪ್ರಧಾನಿ ಮಾಡಿದರು, ಡಿಸೆಂಬರ್‌ನಲ್ಲಿ ಸಭೆ 331 ಮತದಿಂದ ಅವರನ್ನು ಇಳಿಸಿತು. 1962ರ ನಂತರ ಅವಿಶ್ವಾಸ ಗೊತ್ತುವಳಿಗೆ ಬಿದ್ದ ಮೊದಲ ಸರ್ಕಾರ ಅದು. ಅಧ್ಯಕ್ಷರ ಕೈಯಲ್ಲಿ ಮತ್ತೆ ವಿಸರ್ಜಿಸುವ ಅಸ್ತ್ರವೂ ಇರಲಿಲ್ಲ, ಒಂದು ವರ್ಷ ಕಾಯಬೇಕು ಅಂತ ನಿಯಮ.

ಹಾಗಾಗಿ "ಯಾರು ದೊಡ್ಡವರು" ಅನ್ನುವ ಪ್ರಶ್ನೆಯನ್ನೇ ಬಿಡಿ. ಸಭೆಯಲ್ಲಿ ಈಗ ಬಹುಮತ ಯಾರದು ಅಂತ ಕೇಳಿಕೊಳ್ಳಿ, ಮಿಕ್ಕಿದ್ದು ತಾನಾಗಿ ಹೊಳೆಯುತ್ತದೆ. ನಮ್ಮವರು ಎಡವುವ ಜಾಗ ಇನ್ನೊಂದಿದೆ: ಇಲ್ಲಿ ಮಂತ್ರಿಯಾದವರು ಸಂಸತ್ ಸದಸ್ಯರಾಗಿ ಇರುವ ಹಾಗಿಲ್ಲ, ಕುರ್ಚಿ ಬದಲಿ ಸದಸ್ಯರಿಗೆ ಹೋಗುತ್ತದೆ. ಮತ ಹಾಕಿಸದೆ ಮಸೂದೆ ಪಾಸು ಮಾಡುವ 49.3 ವಿಧಿ ಓದಿಕೊಳ್ಳಿ. 2023ರಲ್ಲಿ ಪಿಂಚಣಿ ವಯಸ್ಸನ್ನು 64ಕ್ಕೆ ಏರಿಸಿದ್ದು ಅದರಿಂದಲೇ, ಅದನ್ನೂ ಬಳಸುವುದು ಪ್ರಧಾನಿಯೇ. 2026ರ ಜನವರಿಯಿಂದ ಸರಿ ಉತ್ತರ ಆರಿಸುವ ನಾಗರಿಕ ಪರೀಕ್ಷೆ ಬೇರೆ ಸೇರಿಕೊಂಡಿದೆ, ಒಂದು ಸಾಲು ಅದಕ್ಕೂ ಸಾಲದು.

ಎರಡನೇ ಸಲ ನಾನು ಕೊಆಬಿತಾಸ್ಯೋಂ ಬಗ್ಗೆ ಅರ್ಧ ಗಂಟೆ ಮಾತಾಡುವಷ್ಟು ಓದಿ ಹೋಗಿದ್ದೆ. ಆ ಅಧಿಕಾರಿ ಅದನ್ನು ಕೇಳಲೇ ಇಲ್ಲ. ಜುಲೈ 14 ಯಾಕೆ ರಜೆ ಅಂತ ಕೇಳಿದರು, ಪ್ರಧಾನಿ ಹೆಸರು ಕೇಳಿದರು. ಈ ಕೊನೆಯದನ್ನು ಮಾತ್ರ ಹಿಂದಿನ ರಾತ್ರಿ ಓದಿ ನಂಬಬೇಡಿ. 2024 ಒಂದೇ ವರ್ಷದಲ್ಲಿ ಬೋರ್ನ್, ಅತ್ತಾಲ್, ಬಾರ್ನಿಯೆ, ಬೈರೂ ಅಂತ ನಾಲ್ಕು ಜನ ಆ ಕುರ್ಚಿಯಲ್ಲಿ ಕೂತಿದ್ದರು. ಸಂದರ್ಶನದ ದಿನ ಬೆಳಗ್ಗೆ ಟ್ರಾಮ್‌ನಲ್ಲಿ ಫೋನ್ ತೆಗೆದು ಒಮ್ಮೆ ನೋಡಿಕೊಂಡೇ ಒಳಗೆ ಹೋಗಿ.